ಡೈಮೆನ್ಷನ್ ಸ್ಟೈಲ್ ಬದಲಾಗಲಿ, ಕೈಯಿಂದ ಮಾಡಿದ ತಿದ್ದುಪಡಿ ಉಳಿಯಲಿ: ಆಟೋಕ್ಯಾಡ್ ಬಳಸುವವರಿಗೆ ಒಂದು ಮಾರ್ಗದರ್ಶಿ

ಆಟೋಕ್ಯಾಡ್ ಅನ್ನುವ ನಕ್ಷೆ ಬರೆಯುವ ತಂತ್ರಾಂಶದಲ್ಲಿ ನಿಮ್ಮ ಡ್ರಾಯಿಂಗ್ ಬಹುತೇಕ ಮುಗಿದಿದೆ. ಒಂದರ ಮೇಲೊಂದು ಬಿದ್ದಿದ್ದ ಅಳತೆಗಳನ್ನು (ಡೈಮೆನ್ಷನ್) ಎಳೆದು ಪಕ್ಕಕ್ಕೆ ಕೂರಿಸಿದ್ದೀರಿ. ವಸ್ತುವಿನಿಂದ ಅಳತೆಯ ಗೆರೆಯವರೆಗೆ ಬರುವ ಎಕ್ಸ್‌ಟೆನ್ಷನ್ ಲೈನ್‌ಗಳಲ್ಲಿ ಬೇಡದವನ್ನು ಆಫ್ ಮಾಡಿದ್ದೀರಿ. ಕೆಲವು ಕಡೆ ಸಂಖ್ಯೆಯ ಜೊತೆ ಎರಡು ಮಾತು ಸೇರಿಸಿದ್ದೀರಿ. ಅಷ್ಟರಲ್ಲಿ ಸ್ಟೈಲ್, ಅಂದರೆ ಅಳತೆಗಳು ಹೇಗೆ ಕಾಣಬೇಕು ಅಂತ ಹೇಳುವ ಸೆಟ್ಟಿಂಗ್‌ಗಳ ಕಟ್ಟು, ಬದಲಾಗಬೇಕು ಅನ್ನುವ ಸೂಚನೆ ಬರುತ್ತದೆ: ಬೇರೆ ಫಾಂಟ್, ಬೇರೆ ಎತ್ತರ, ಬಾಣದ ಜಾಗದಲ್ಲಿ ಓರೆ ಗೆರೆ. ಎಲ್ಲ ಡೈಮೆನ್ಷನ್ ಸೆಲೆಕ್ಟ್ ಮಾಡಿ ಅಪ್‌ಡೇಟ್ ಕೊಟ್ಟರೆ ಆಯ್ತು ಅನ್ನಿಸುತ್ತದೆ ಅಲ್ವಾ? ಹಾಗೆ ಮಾಡಿದಾಗ ಕೆಲವು ತಿದ್ದುಪಡಿಗಳು ಉಳಿಯುತ್ತವೆ, ಕೆಲವು ಸದ್ದಿಲ್ಲದೆ ಅಳಿಸಿಹೋಗುತ್ತವೆ. ಏನು ಹೋಯಿತು ಅಂತ ಯಾವ ಎಚ್ಚರಿಕೆಯೂ ಬರುವುದಿಲ್ಲ.

ನಾವು ಒಟ್ಟಾಗಿ 'ಕೈಯಿಂದ ತಿದ್ದಿದ್ದು' ಅನ್ನುವುದನ್ನು ಆಟೋಕ್ಯಾಡ್ ಬೇರೆ ಬೇರೆ ಜಾಗದಲ್ಲಿ ಬರೆದಿಡುತ್ತದೆ. ಸ್ಟೈಲ್ ಬದಲಾದಾಗ ಒಂದೊಂದು ಜಾಗಕ್ಕೆ ಆಗುವ ಪರಿಣಾಮ ಒಂದೊಂದು ಥರ. ಯಾವ ತಿದ್ದುಪಡಿ ಎಲ್ಲಿ ಕೂತಿದೆ ಅಂತ ಮೊದಲು ಗೊತ್ತಾದರೆ ಉಳಿದ ಕೆಲಸ ಸುಲಭ. ಬ್ರಿಕ್ಸ್‌ಕ್ಯಾಡ್‌ನಂಥ ಬೇರೆ ತಂತ್ರಾಂಶಗಳಲ್ಲೂ ಕಮಾಂಡ್‌ಗಳ ಹೆಸರು ಬಹುಮಟ್ಟಿಗೆ ಇವೇ. ಹಾಗಾಗಿ ಅವನ್ನು ಬಳಸುವವರೂ ಇದೇ ದಾರಿ ಹಿಡಿಯಬಹುದು.

ಶುರು ಮಾಡುವ ಮೊದಲು ಫೈಲಿನ ಒಂದು ಪ್ರತಿ ಬೇರೆ ಹೆಸರಲ್ಲಿ ಉಳಿಸಿಡಿ. ಕೊನೆಯಲ್ಲಿ ಹೋಲಿಸಿ ನೋಡುವುದಕ್ಕೂ ಅದೇ ಬೇಕು.

ತಿದ್ದುಪಡಿ ಎಲ್ಲಿ ಕೂತಿದೆ?

ಮೊದಲನೆಯದು ಬರಹ. ಡೈಮೆನ್ಷನ್ ಮೇಲೆ ಡಬಲ್ ಕ್ಲಿಕ್ ಮಾಡಿ ಸಂಖ್ಯೆ ಬದಲಿಸಿದರೆ ಅಥವಾ ಜೊತೆಗೆ ಏನಾದರೂ ಬರೆದರೆ, ಅದು ಪ್ರಾಪರ್ಟೀಸ್ ಪ್ಯಾಲೆಟ್‌ನಲ್ಲಿ ಟೆಕ್ಸ್ಟ್ ಓವರ್‌ರೈಡ್ ಅನ್ನುವ ಖಾನೆಯಲ್ಲಿ ಕಾಣುತ್ತದೆ. ನಿಜವಾದ ಅಳತೆ ಅಲ್ಲೇ ಮೆಷರ್‌ಮೆಂಟ್ ಖಾನೆಯಲ್ಲಿರುತ್ತದೆ. ಈ ಟೆಕ್ಸ್ಟ್ ಓವರ್‌ರೈಡ್ ಸ್ಟೈಲಿನ ಭಾಗ ಅಲ್ಲ. ಆದ್ದರಿಂದ ಸ್ಟೈಲ್ ಏನೇ ಆದರೂ ಅದು ಉಳಿಯುತ್ತದೆ. ಇಲ್ಲಿ ತೊಂದರೆ ಬರುವುದು ಅದು ಬೇಕಾದ್ದಕ್ಕಿಂತ ಗಟ್ಟಿಯಾಗಿ ಉಳಿಯುವುದರಿಂದ. ಯಾರೋ ಖಾನೆಯಲ್ಲಿ '1200,5 ಕನಿಷ್ಠ' ಅಂತ ಬರೆದಿದ್ದಾರೆ ಅಂದುಕೊಳ್ಳಿ. ಆಟೋಕ್ಯಾಡ್ ಜೊತೆಗೇ ಬರುವ ಐಎಸ್‌ಒ-25 ಸ್ಟೈಲಿನಲ್ಲಿ ದಶಮಾಂಶಕ್ಕೆ ಕಾಮಾ ಬರುತ್ತದೆ, ಅಲ್ಲಿಯವರೆಗೆ ಎಲ್ಲ ಸರಿ. ಹೊಸ ಸ್ಟೈಲಿನಲ್ಲಿ ಚುಕ್ಕಿ ಇದ್ದರೆ ಉಳಿದೆಲ್ಲ ಅಳತೆ ಚುಕ್ಕಿಗೆ ಬದಲಾಗುತ್ತವೆ, ಇದೊಂದು ಕಾಮಾದಲ್ಲೇ ನಿಲ್ಲುತ್ತದೆ. ಗೋಡೆ ಸರಿಸಿದರೂ ಸಂಖ್ಯೆ ಅದೇ. ಖಾನೆಯಲ್ಲಿ '<> ಕನಿಷ್ಠ' ಅಂತ ಬರೆದಿದ್ದರೆ ಈ ಸಮಸ್ಯೆಯೇ ಇಲ್ಲ. <> ಇದ್ದ ಜಾಗದಲ್ಲಿ ನಿಜವಾದ ಅಳತೆ, ಸ್ಟೈಲ್ ಹೇಳಿದ ರೂಪದಲ್ಲೇ ಬಂದು ಕೂರುತ್ತದೆ.

ಅದೇ ಖಾನೆಯಲ್ಲಿ ಇನ್ನೊಂದು ವಿಷಯವೂ ಅಡಗಿರಬಹುದು. ಟೆಕ್ಸ್ಟ್ ಎಡಿಟರ್ ಒಳಗೆ ಹೋಗಿ ಅಕ್ಷರದ ಎತ್ತರ ಅಥವಾ ಫಾಂಟ್ ಬದಲಿಸಿದ್ದರೆ, ಬ್ಯಾಕ್‌ಸ್ಲ್ಯಾಶ್ ಮತ್ತು ಮೀಸೆ ಆವರಣದ ಸಂಕೇತಗಳು ಬರಹದ ಒಳಗೇ ಸೇರಿಕೊಳ್ಳುತ್ತವೆ. ಆ ಒಂದು ಡೈಮೆನ್ಷನ್ ಹೊಸ ಸ್ಟೈಲಿನ ಫಾಂಟ್‌ಗೆ ಯಾಕೆ ಬರುತ್ತಿಲ್ಲ ಅಂತ ತಲೆ ಕೆಡಿಸಿಕೊಳ್ಳುವ ಮುಂಚೆ ಖಾನೆ ನೋಡಿ.

ಎರಡನೆಯದು ಜಾಗ. ಗ್ರಿಪ್ (ಸೆಲೆಕ್ಟ್ ಮಾಡಿದಾಗ ಕಾಣುವ ಚಿಕ್ಕ ಚೌಕ) ಹಿಡಿದು ಬರಹವನ್ನು ಬೇರೆಡೆ ಇಟ್ಟಾಗ, ಇದನ್ನು ಕೈಯಿಂದ ಇಟ್ಟಿದ್ದು ಅನ್ನುವ ಗುರುತು ಮತ್ತು ಬರಹದ ನಡುಬಿಂದು ಆ ಡೈಮೆನ್ಷನ್ನಿನಲ್ಲೇ ದಾಖಲಾಗುತ್ತವೆ. ಬರಹವನ್ನು ತಿರುಗಿಸಿದ್ದರೆ ಆ ಕೋನವೂ ಅಲ್ಲೇ ಇರುತ್ತದೆ. ಎಕ್ಸ್‌ಟೆನ್ಷನ್ ಲೈನ್‌ಗಳನ್ನು ಡಿಮ್‌ಎಡಿಟ್‌ನಿಂದ ಓರೆ ಮಾಡಿದ್ದರೆ ಅದೂ ಹಾಗೇ. ಇವು ಸ್ಟೈಲಿಗೆ ಸೇರಿದವಲ್ಲ.

ಮೂರನೆಯದು ಗುಣ. ಎಲ್ಲಕ್ಕಿಂತ ಜಾಸ್ತಿ ಕಳೆದುಹೋಗುವುದು ಇದೇ. ಪ್ರಾಪರ್ಟೀಸ್ ಪ್ಯಾಲೆಟ್‌ನಲ್ಲಿ ಒಂದು ಡೈಮೆನ್ಷನ್‌ಗೆ ಮಾತ್ರ ಬಾಣ ಬದಲಿಸಿದರೆ, ಎಕ್ಸ್‌ಟೆನ್ಷನ್ ಲೈನ್ ಆಫ್ ಮಾಡಿದರೆ, ಎತ್ತರ ಹೆಚ್ಚಿಸಿದರೆ, ಅದು ಆ ಡೈಮೆನ್ಷನ್ನಿನ ಸ್ಟೈಲ್ ಓವರ್‌ರೈಡ್ ಆಗುತ್ತದೆ. ಅಂದರೆ 'ಸ್ಟೈಲ್ ಹೀಗೆ ಹೇಳುತ್ತದೆ, ಆದರೆ ನನಗೆ ಮಾತ್ರ ಹಾಗೆ' ಅನ್ನುವ ಚಿಕ್ಕ ಪಟ್ಟಿಯೊಂದು ಅದಕ್ಕೆ ಅಂಟಿಕೊಂಡಿರುತ್ತದೆ. ಅಪ್‌ಡೇಟ್ ಕೊಟ್ಟಾಗ ಕಿತ್ತುಹೋಗುವುದು ಈ ಪಟ್ಟಿ.

ಹತ್ತಿರದಿಂದ ಒಂದು ಉದಾಹರಣೆ

ಎರಡನೆಯದೂ ಮೂರನೆಯದೂ ಒಂದೇ ಕಡೆ ಸೇರಿದಾಗ ಗೊಂದಲ ಶುರುವಾಗುತ್ತದೆ. ಮಾಡೆಲ್ ಸ್ಪೇಸ್‌ನಲ್ಲಿ, ಅಂದರೆ ಸಾಮಾನ್ಯವಾಗಿ ನಿಜವಾದ ಗಾತ್ರದಲ್ಲೇ ಬರೆಯುವ ಜಾಗದಲ್ಲಿ, 1:100 ಪ್ರಮಾಣಕ್ಕೆ ಡೈಮೆನ್ಷನ್ ಹಾಕಿದ್ದೀರಿ. ಅಕ್ಷರದ ಎತ್ತರ 2.5, ಸ್ಕೇಲ್ 100. ಹಾಗಾಗಿ ಮಾಡೆಲ್‌ನಲ್ಲಿ ಅಕ್ಷರದ ಎತ್ತರ 250 ಯೂನಿಟ್. ಅಳೆಯುತ್ತಿರುವ ಗೋಡೆ 100 ಮಿಲಿಮೀಟರ್ ದಪ್ಪ. ಆ ಸಂಖ್ಯೆ ಗೋಡೆಯ ಎರಡು ಗೆರೆಗಳ ನಡುವೆ ಹಿಡಿಸುವ ಮಾತೇ ಇಲ್ಲ. ಗ್ರಿಪ್ ಮೇಲೆ ಮೌಸ್ ನಿಲ್ಲಿಸಿದಾಗ ಬರುವ ಮೆನುವಿನಲ್ಲಿ 'ಮೂವ್ ಟೆಕ್ಸ್ಟ್ ಓನ್ಲಿ' ಆರಿಸಿ, 100 ಅನ್ನು ಮೇಲೆ ಬಲಕ್ಕೆ ಖಾಲಿ ಜಾಗದಲ್ಲಿ ಇಟ್ಟಿರಿ.

ನೀವು ಮಾಡಿದ್ದು ಒಂದೇ ಕೆಲಸ. ದಾಖಲಾಗಿದ್ದು ಎರಡು. ಬರಹದ ಹೊಸ ಜಾಗ ಒಂದು ಕಡೆ. ಇನ್ನೊಂದು ಕಡೆ ಡಿಮ್‌ಟಿಮೂವ್ ಅನ್ನುವ ವೇರಿಯಬಲ್‌ಗೆ (ಹೆಸರಿರುವ ಒಂದು ಸೆಟ್ಟಿಂಗ್) 2 ಅನ್ನುವ ಓವರ್‌ರೈಡ್. ಈ ವೇರಿಯಬಲ್ 0 ಇದ್ದರೆ ಬರಹವೂ ಡೈಮೆನ್ಷನ್ ಲೈನೂ ಜೊತೆಯಾಗಿ ಚಲಿಸುತ್ತವೆ. 1 ಇದ್ದರೆ ದೂರ ಹೋದ ಬರಹಕ್ಕೆ ಲೀಡರ್ (ಜೋಡಿಸುವ ಗೆರೆ) ಬರುತ್ತದೆ. 2 ಇದ್ದರೆ ಬರಹ ಸ್ವತಂತ್ರ. ಐಎಸ್‌ಒ-25 ಸ್ಟೈಲಿನಲ್ಲಿ ಮೊದಲಿನಿಂದ ಇರುವುದು 0. ಸ್ಟೈಲ್ ಬದಲಿಸುವಾಗ ಓವರ್‌ರೈಡ್ ಹೋಯಿತು, ಹೊಸ ಸ್ಟೈಲಿನಲ್ಲೂ 0 ಇದೆ ಅಂದರೆ, ಬರಹಕ್ಕೆ ದೂರ ನಿಲ್ಲುವ ಅನುಮತಿ ಇಲ್ಲ. ಅದೂ ಗೆರೆಯೂ ಮತ್ತೆ ಒಂದಕ್ಕೊಂದು ಕಟ್ಟಿಕೊಳ್ಳುತ್ತವೆ. 'ಜಾಗ ಕಳೆದುಹೋಯಿತು' ಅಂತ ದೂರುವ ಬಹುತೇಕ ಸಂದರ್ಭಗಳಲ್ಲಿ ಹೋಗಿರುವುದು ಈ ಓವರ್‌ರೈಡ್.

ಇದನ್ನು ಕಣ್ಣಾರೆ ನೋಡಬೇಕಾದರೆ ಲಿಸ್ಟ್ ಕಮಾಂಡ್ ಕೊಟ್ಟು ಅಂಥ ಒಂದು ಡೈಮೆನ್ಷನ್ ಆರಿಸಿ. ಸ್ಟೈಲಿನ ಹೆಸರು, ಅದರ ಕೆಳಗೆ ಓವರ್‌ರೈಡ್ ಆದ ವೇರಿಯಬಲ್‌ಗಳು ಮತ್ತು ಅವುಗಳ ಬೆಲೆ ಕಾಣುತ್ತವೆ. ಈ ಇಡೀ ಕೆಲಸದಲ್ಲಿ ನನಗೆ ಜಾಸ್ತಿ ನಂಬಿಕೆ ಇರುವುದು ಈ ಹಳೇ ಲಿಸ್ಟ್ ಮೇಲೆ. ಪರದೆ ಮೇಲಿನ ನೋಟ ಮೋಸ ಮಾಡಬಹುದು, ಈ ಪಟ್ಟಿ ಮಾಡುವುದಿಲ್ಲ.

ಮೊದಲ ಕೆಲಸ: ತಿದ್ದಿದ್ದನ್ನು ಬೇರ್ಪಡಿಸಿ

ಗುಣ ನೋಡಿ ವಸ್ತುಗಳನ್ನು ಆರಿಸಿಕೊಡುವ ಕ್ಯೂಸೆಲೆಕ್ಟ್ ತೆರೆಯಿರಿ. ಆಬ್ಜೆಕ್ಟ್ ಟೈಪ್‌ನಲ್ಲಿ ರೊಟೇಟೆಡ್ ಡೈಮೆನ್ಷನ್ ಆರಿಸಿ. ಪ್ರಾಪರ್ಟಿ ಪಟ್ಟಿಯಲ್ಲಿ ಟೆಕ್ಸ್ಟ್ ಓವರ್‌ರೈಡ್, ಆಪರೇಟರ್‌ನಲ್ಲಿ ವೈಲ್ಡ್‌ಕಾರ್ಡ್ ಮ್ಯಾಚ್, ಬೆಲೆಯ ಜಾಗದಲ್ಲಿ ?* ಕೊಡಿ. ಕನಿಷ್ಠ ಒಂದಕ್ಷರವಾದರೂ ಇರುವ ಓವರ್‌ರೈಡ್‌ಗಳೆಲ್ಲ ಸೆಲೆಕ್ಟ್ ಆಗುತ್ತವೆ. ಅಲೈನ್ಡ್, ರೇಡಿಯಲ್, ಆಂಗ್ಯುಲರ್ ಇವಕ್ಕೆ ಬೇರೆ ಬೇರೆಯಾಗಿ ಇದನ್ನೇ ಮಾಡಿ. ಮಾಡೆಲ್‌ನಲ್ಲೊಮ್ಮೆ, ಡೈಮೆನ್ಷನ್ ಇರುವ ಪ್ರತಿ ಲೇಔಟ್‌ನಲ್ಲೊಮ್ಮೆ (ಮುದ್ರಣದ ಹಾಳೆ) ಮಾಡಬೇಕು. ಬ್ಲಾಕ್ (ಒಂದೇ ವಸ್ತುವಾಗಿ ಕಟ್ಟಿದ ಗುಂಪು) ಒಳಗಿರುವ ಡೈಮೆನ್ಷನ್‌ಗಳು ಈ ಬಲೆಗೆ ಬೀಳುವುದಿಲ್ಲ, ಅವಕ್ಕೆ ಬ್ಲಾಕ್ ಎಡಿಟರ್ ಒಳಗೆ ಹೋಗಲೇಬೇಕು.

ಹೀಗೆ ಸಿಕ್ಕವುಗಳಲ್ಲಿ ಬರೀ ಸಂಖ್ಯೆ ಹೊಡೆದಿರುವುದನ್ನು ಗಮನಿಸಿ. ಮೆಷರ್‌ಮೆಂಟ್ ಖಾನೆಗೂ ಅದಕ್ಕೂ ತಾಳೆಯಾದರೆ ಆಗಲೇ <> ಮಾಡಿಬಿಡಿ. ತಾಳೆಯಾಗದಿದ್ದರೆ ಡ್ರಾಯಿಂಗ್ ತಪ್ಪೋ ಸಂಖ್ಯೆ ತಪ್ಪೋ ಅಂತ ಕೇಳಿ ತಿಳಿಯಬೇಕು, ಸುಮ್ನೆ ಮುಂದೆ ಹೋಗಬೇಡಿ.

ಅದೇ ರೀತಿ ಎಕ್ಸ್‌ಟ್ ಲೈನ್ 1 ಆಫ್ ಇರುವವು, ಎಕ್ಸ್‌ಟ್ ಲೈನ್ 2 ಆಫ್ ಇರುವವು, ಟೆಕ್ಸ್ಟ್ ರೊಟೇಶನ್ ಸೊನ್ನೆ ಅಲ್ಲದವು, ಟೆಕ್ಸ್ಟ್ ಮೂವ್‌ಮೆಂಟ್‌ನಲ್ಲಿ 'ಮೂವ್ ಟೆಕ್ಸ್ಟ್, ನೋ ಲೀಡರ್' ಇರುವವು, ಡಿಮ್ ಸ್ಕೇಲ್ ಲೀನಿಯರ್ (ಅಳತೆಯನ್ನು ಗುಣಿಸುವ ಸಂಖ್ಯೆ) 1 ಅಲ್ಲದವು, ಇವನ್ನೂ ಹುಡುಕಿ. ಸಿಕ್ಕ ಪ್ರತಿ ಗುಂಪನ್ನೂ ಗ್ರೂಪ್ ಕಮಾಂಡ್‌ನಿಂದ ಹೆಸರು ಕೊಟ್ಟು ಉಳಿಸಿ. ಒಂದು ಡೈಮೆನ್ಷನ್ ಎರಡು ಗ್ರೂಪ್‌ನಲ್ಲಿದ್ದರೂ ಪರವಾಗಿಲ್ಲ. ಮುಂದೆ ಸೆಲೆಕ್ಟ್ ಆಬ್ಜೆಕ್ಟ್ಸ್ ಅಂತ ಕೇಳಿದಾಗ ಜಿ ಒತ್ತಿ ಗ್ರೂಪ್‌ನ ಹೆಸರು ಕೊಟ್ಟರೆ ಸಾಕು.

ಬರೀ ಜಾಗ ಬದಲಾಗಿರುವ ಡೈಮೆನ್ಷನ್ ಹುಡುಕಲು ಕ್ಯೂಸೆಲೆಕ್ಟ್‌ನಲ್ಲಿ ನೇರವಾದ ಖಾನೆ ಇಲ್ಲ. ಆಟೋಕ್ಯಾಡ್ ಒಳಗಿನ ಪ್ರೋಗ್ರಾಮಿಂಗ್ ಭಾಷೆಯಾದ ಆಟೋಲಿಸ್ಪ್ ಗೊತ್ತಿರುವವರಿಗೆ ದಾರಿ ಇದೆ: ಡೈಮೆನ್ಷನ್ನಿನ ಗ್ರೂಪ್ ಕೋಡ್ (ಒಂದೊಂದು ಮಾಹಿತಿಗೂ ಇರುವ ಗುರುತಿನ ಸಂಖ್ಯೆ, ಮೇಲಿನ ಗ್ರೂಪ್‌ಗೂ ಇದಕ್ಕೂ ಸಂಬಂಧ ಇಲ್ಲ) 70ರಲ್ಲಿ 128 ಸೇರಿದ್ದರೆ ಬರಹವನ್ನು ಕೈಯಿಂದ ಇಟ್ಟಿದ್ದಾರೆ ಅಂತ ಅರ್ಥ.

ಆದಷ್ಟು ಸ್ಟೈಲನ್ನೇ ತಿದ್ದಿ

ಸ್ಟೈಲ್ ಬದಲಾಗಬೇಕು ಅಂದಾಕ್ಷಣ ಡೈಮೆನ್ಷನ್‌ಗಳನ್ನು ಹೊಸ ಸ್ಟೈಲಿಗೆ ಸಾಗಿಸಲು ಹೊರಡುತ್ತೇವೆ. ಎಷ್ಟೋ ಸಲ ಅದು ಬೇಕಾಗಿಯೇ ಇರುವುದಿಲ್ಲ. ಡಿಮ್‌ಸ್ಟೈಲ್ ಮ್ಯಾನೇಜರ್‌ನಲ್ಲಿ ಹಳೆಯ ಸ್ಟೈಲ್ ಆರಿಸಿ ಮಾಡಿಫೈ ಕೊಟ್ಟು ಅಲ್ಲೇ ಬದಲಿಸಿದರೆ, ಆ ಸ್ಟೈಲಿನ ಎಲ್ಲ ಡೈಮೆನ್ಷನ್‌ಗಳೂ ಹೊಸ ರೂಪಕ್ಕೆ ಬರುತ್ತವೆ, ಆದರೆ ಒಂದೊಂದಕ್ಕೂ ಅಂಟಿಕೊಂಡ ಓವರ್‌ರೈಡ್‌ಗಳು ಹಾಗೇ ಇರುತ್ತವೆ. ನನ್ನ ಪ್ರಕಾರ ಮೊದಲು ಯೋಚಿಸಬೇಕಾದ ದಾರಿ ಇದೇ.

ಹೊಸ ಸ್ಟೈಲ್ ಬೇರೆ ಫೈಲಿನಿಂದ ಬರಬೇಕು, ಹೆಸರೂ ಅದೇ ಇರಬೇಕು ಅನ್ನುವ ನಿಯಮ ಇದ್ದರೂ ಈ ದಾರಿ ನಡೆಯುತ್ತದೆ. ಡಿಸೈನ್ ಸೆಂಟರ್‌ನಿಂದ ಹೊಸ ಸ್ಟೈಲನ್ನು ಡ್ರಾಯಿಂಗ್ ಒಳಕ್ಕೆ ಎಳೆದುಕೊಳ್ಳಿ. ಅದೇ ಹೆಸರಿನ ಸ್ಟೈಲ್ ನಿಮ್ಮ ಫೈಲಿನಲ್ಲಿ ಆಗಲೇ ಇದ್ದರೆ ಹೊಸದು ಒಳಗೆ ಬರುವುದಿಲ್ಲ, ಇದ್ದದ್ದೇ ಉಳಿಯುತ್ತದೆ. ಹಾಗಿದ್ದರೆ ಮೊದಲು ನಿಮ್ಮದರ ಹೆಸರು ಬದಲಿಸಿಕೊಳ್ಳಿ. ನಂತರ ಡಿಮ್‌ಸ್ಟೈಲ್ ಮ್ಯಾನೇಜರ್‌ನಲ್ಲಿ ಕಂಪೇರ್ ಒತ್ತಿ, ಹಳೆಯದು ಹೊಸದು ಎರಡನ್ನೂ ಆರಿಸಿ. ಎಲ್ಲೆಲ್ಲಿ ವ್ಯತ್ಯಾಸ ಇದೆಯೋ ಅಷ್ಟನ್ನು ಮಾತ್ರ ವೇರಿಯಬಲ್ ಹೆಸರಿನ ಸಮೇತ ಪಟ್ಟಿ ಮಾಡಿ ಕೊಡುತ್ತದೆ. ಪಟ್ಟಿಯನ್ನು ಕಾಪಿ ಮಾಡಲು ಅಲ್ಲೇ ಬಟನ್ ಇದೆ. ಅದನ್ನು ಮುಂದಿಟ್ಟುಕೊಂಡು ಹಳೆಯ ಸ್ಟೈಲನ್ನು ಮಾಡಿಫೈ ಮಾಡಿ. ವ್ಯತ್ಯಾಸದ ಪಟ್ಟಿ ಖಾಲಿಯಾಗುವವರೆಗೆ ಮತ್ತೆ ಕಂಪೇರ್ ಮಾಡಿ. ಆಮೇಲೆ ತಂದ ಸ್ಟೈಲನ್ನು ಅಳಿಸಿ, ನಿಮ್ಮ ಸ್ಟೈಲಿಗೆ ಅದರ ಹೆಸರಿಡಿ. ಒಂದೇ ಒಂದು ಡೈಮೆನ್ಷನ್ನನ್ನೂ ಮುಟ್ಟದೆ ಎಲ್ಲವೂ ಹೊಸ ಸ್ಟೈಲಿಗೆ ಬಂದಂತಾಯಿತು.

ಮರೆಯಬಾರದ್ದು: ಸ್ಟೈಲಿನ ಕೆಳಗೆ ರೇಡಿಯಲ್, ಆಂಗ್ಯುಲರ್ ಅಂತ ಉಪಸ್ಟೈಲ್‌ಗಳು ಇರಬಹುದು. ಮುಖ್ಯ ಸ್ಟೈಲ್ ಸರಿಮಾಡಿ ಉಪಸ್ಟೈಲ್ ಬಿಟ್ಟರೆ ಆ ಜಾತಿಯ ಡೈಮೆನ್ಷನ್‌ಗಳು ಹಳೇ ವೇಷದಲ್ಲೇ ಉಳಿಯುತ್ತವೆ. ಕಂಪೇರ್ ಮಾಡುವಾಗ ಅವನ್ನೂ ನೋಡಿ.

ಡಿಮ್‌ಟಿಮೂವ್ ಬಗ್ಗೆ ಇಲ್ಲೊಂದು ಆಸೆ ಹುಟ್ಟುತ್ತದೆ. ಸ್ಟೈಲಿನಲ್ಲೇ 2 ಇಟ್ಟುಬಿಟ್ಟರೆ ಓವರ್‌ರೈಡ್ ಗೊಡವೆಯೇ ಇಲ್ಲವಲ್ಲ? ಇಡಬಹುದು, ನಾನೂ ಅದನ್ನೇ ಇಷ್ಟಪಡುತ್ತೇನೆ. ಆದರೆ ಇಕ್ಕಟ್ಟಿನ ಜಾಗದಲ್ಲಿ ಹಿಡಿಸದೆ ತಾನಾಗಿ ಹೊರಗೆ ಹೋಗುವ ಬರಹಗಳ ಜಾಗವನ್ನೂ ಈ ವೇರಿಯಬಲ್ಲೇ ನಿರ್ಧರಿಸುತ್ತದೆ. ಬದಲಿಸಿದ ಮೇಲೆ ಸಣ್ಣ ಅಳತೆಗಳನ್ನೆಲ್ಲ ಒಂದು ಸುತ್ತು ನೋಡಿ.

ಸಾಗಿಸಲೇಬೇಕಾದರೆ

ಕೆಲವು ಸಲ ಅರ್ಧ ಡೈಮೆನ್ಷನ್ ಒಂದು ಸ್ಟೈಲಿಗೆ, ಅರ್ಧ ಇನ್ನೊಂದಕ್ಕೆ ಹೋಗಬೇಕಾಗುತ್ತದೆ. ಆಗ ಸಾಗಿಸುವುದು ಅನಿವಾರ್ಯ. ಹೊಸ ಸ್ಟೈಲನ್ನು ನೀವೇ ಮಾಡುವುದಾದರೆ ಹಳೆಯದನ್ನು ಆಧಾರವಾಗಿಟ್ಟು ನ್ಯೂ ಕೊಡಿ, ಬೇಕಾದಷ್ಟನ್ನು ಮಾತ್ರ ಬದಲಿಸಿ. ಫಿಟ್ ಟ್ಯಾಬ್‌ನಲ್ಲಿರುವುದು (ಡಿಮ್‌ಟಿಮೂವ್ ಇರುವುದು ಅಲ್ಲೇ) ಹಾಗೇ ಬಂದರೆ ಅರ್ಧ ತಲೆನೋವು ಕಡಿಮೆ.

ಗ್ರೂಪ್‌ಗೆ ಸೇರದ, ಓವರ್‌ರೈಡ್ ಇಲ್ಲದ ಡೈಮೆನ್ಷನ್‌ಗಳನ್ನು ಮೊದಲು ಮುಗಿಸಿ. ಇವಕ್ಕೆ ಅಪ್‌ಡೇಟ್ ಧಾರಾಳವಾಗಿ ಬಳಸಿ. ಡಿಮ್‌ಸ್ಟೈಲ್ ಕಮಾಂಡಿನ ಮುಂದೆ ಹೈಫನ್ ಹಾಕಿ ಅಪ್ಲೈ ಆರಿಸಿದರೂ ಅದೇ ಕೆಲಸ. ಒತ್ತುವ ಮುನ್ನ ಮ್ಯಾನೇಜರ್ ತೆರೆದು, ಈಗಿನ ಸ್ಟೈಲಿನ ಕೆಳಗೆ 'ಸ್ಟೈಲ್ ಓವರ್‌ರೈಡ್ಸ್' ಅನ್ನುವ ಸಾಲು ಇದೆಯಾ ನೋಡಿ. ಇದ್ದರೆ ಅದನ್ನು ಅಳಿಸಿ. ಇಲ್ಲವಾದರೆ ಯಾವತ್ತೋ ತಾತ್ಕಾಲಿಕವಾಗಿ ಮಾಡಿದ ಬದಲಾವಣೆ ಎಲ್ಲ ಡೈಮೆನ್ಷನ್‌ಗೂ ಅಂಟುತ್ತದೆ. ತಿದ್ದಿದ ಡೈಮೆನ್ಷನ್‌ಗಳು ಕೈತಪ್ಪಿ ಇದರೊಳಗೆ ಸೇರದಿರಲು ಅವನ್ನು ಹೈಡ್‌ಆಬ್ಜೆಕ್ಟ್ಸ್‌ನಿಂದ ಮರೆಮಾಡಿ ಇಟ್ಟುಕೊಳ್ಳಿ.

ಈಗ ಮರೆಮಾಡಿದ್ದನ್ನು ಹೊರಗೆ ತನ್ನಿ. ಒಂದೊಂದೇ ಗ್ರೂಪ್ ತೆಗೆದುಕೊಳ್ಳಿ. ಗ್ರೂಪ್‌ನ ಒಂದು ಡೈಮೆನ್ಷನ್ ಮೇಲೆ ಲಿಸ್ಟ್ ಕೊಟ್ಟು ಓವರ್‌ರೈಡ್‌ಗಳನ್ನು ಬರೆದಿಟ್ಟುಕೊಳ್ಳಿ. ಪ್ರಾಪರ್ಟೀಸ್‌ನಲ್ಲಿ ಅದೊಂದರ ಸ್ಟೈಲ್ ಬದಲಿಸಿ, ಮತ್ತೆ ಲಿಸ್ಟ್ ಕೊಡಿ. ಬರೆದಿಟ್ಟ ವೇರಿಯಬಲ್‌ಗಳೆಲ್ಲ ಇವೆಯಾ ನೋಡಿ. ಇದ್ದರೆ ಇಡೀ ಗ್ರೂಪ್‌ಗೆ ಅದೇ ಮಾಡಿ. ಕಾಣೆಯಾಗಿದ್ದರೆ ಸ್ಟೈಲ್ ಬದಲಿಸಿದ ಮೇಲೆ ಡಿಮ್‌ಓವರ್‌ರೈಡ್‌ನಿಂದ ವಾಪಸ್ ಹಾಕಬೇಕು. ಕಮಾಂಡ್ ಕೊಟ್ಟರೆ ವೇರಿಯಬಲ್‌ನ ಹೆಸರು ಕೇಳುತ್ತದೆ. ಡಿಮ್‌ಟಿಮೂವ್ ಅಂತ ಕೊಡಿ, ಬೆಲೆ 2 ಕೊಡಿ. ಮತ್ತೆ ಹೆಸರು ಕೇಳುತ್ತದೆ, ಇನ್ನೊಂದಿದ್ದರೆ ಅದನ್ನೂ ಕೊಡಿ, ಇಲ್ಲದಿದ್ದರೆ ಖಾಲಿ ಎಂಟರ್ ಒತ್ತಿ. ಕೊನೆಗೆ ಜಿ ಒತ್ತಿ ಗ್ರೂಪ್‌ನ ಹೆಸರು. ಎಷ್ಟೇ ಡೈಮೆನ್ಷನ್ ಇದ್ದರೂ ಒಂದೇ ಸಲಕ್ಕೆ ಮುಗಿಯುತ್ತದೆ. ಇದೇ ಕಮಾಂಡಿನಲ್ಲಿ ಕ್ಲಿಯರ್ ಅನ್ನುವ ಆಯ್ಕೆಯೂ ಇದೆ, ಅದು ಓವರ್‌ರೈಡ್‌ಗಳನ್ನೆಲ್ಲ ತೆಗೆದುಹಾಕುತ್ತದೆ. ಕಣ್ತಪ್ಪಿ ಅದನ್ನು ಒತ್ತಬೇಡಿ.

ಮ್ಯಾಚ್‌ಪ್ರಾಪ್ ಬಳಸುವ ಅಭ್ಯಾಸ ಇರುವವರು ಇಲ್ಲಿ ಕೈ ಬಿಗಿಹಿಡಿಯಬೇಕು. ಅದು ಮೂಲ ಡೈಮೆನ್ಷನ್ನಿನ ಸ್ಟೈಲ್ ಜೊತೆ ಅದರ ಓವರ್‌ರೈಡ್‌ಗಳನ್ನೂ ಹೊತ್ತು ತಂದು ಇನ್ನೊಂದರ ಮೇಲೆ ಹಾಕುತ್ತದೆ.

ಲಿಸ್ಪ್ ಬರೆಯುವವರಿಗೆ ಇದೆಲ್ಲ ಇನ್ನೂ ಚಿಕ್ಕ ಕೆಲಸ. ಗ್ರೂಪ್ ಕೋಡ್ 3ರಲ್ಲಿ ಸ್ಟೈಲಿನ ಹೆಸರಿದೆ. ಅದನ್ನು ಮಾತ್ರ ಬದಲಿಸಿ, ಓವರ್‌ರೈಡ್‌ಗಳು ಕೂತಿರುವ ಎಕ್ಸ್‌ಡೇಟಾವನ್ನು (ವಸ್ತುವಿಗೆ ಅಂಟಿಸಿದ ಹೆಚ್ಚುವರಿ ಮಾಹಿತಿ) ಮುಟ್ಟದೆ ಬಿಟ್ಟರೆ ಪಟ್ಟಿ ಹಾಗೇ ಉಳಿಯುತ್ತದೆ.

ಒಂದು ಓವರ್‌ರೈಡ್ ಹೋದರೆ ಅಳತೆಯೇ ತಪ್ಪಾಗುತ್ತದೆ

ಬಾಣ, ಗೆರೆ, ಜಾಗ ಇವೆಲ್ಲ ಹೋದರೆ ಡ್ರಾಯಿಂಗ್ ಅಂದಗೆಡುತ್ತದೆ. ಡಿಮ್‌ಎಲ್‌ಫ್ಯಾಕ್ ಹೋದರೆ ಡ್ರಾಯಿಂಗ್ ಸುಳ್ಳು ಹೇಳುತ್ತದೆ. ಪ್ರಾಪರ್ಟೀಸ್‌ನಲ್ಲಿ ಡಿಮ್ ಸ್ಕೇಲ್ ಲೀನಿಯರ್ ಅನ್ನುವುದು ಇದೇ. ಅಳೆದ ಉದ್ದವನ್ನು ಇಷ್ಟರಿಂದ ಗುಣಿಸಿ ತೋರಿಸು ಅನ್ನುವುದು ಇದರ ಕೆಲಸ.

ಮಾಡೆಲ್ ಸ್ಪೇಸ್‌ನಲ್ಲೇ ಒಂದು ಜೋಡಣೆಯ ವಿವರವನ್ನು ಎರಡು ಪಟ್ಟು ದೊಡ್ಡದಾಗಿ ಬರೆದಿದ್ದಾರೆ. 150 ಉದ್ದದ ಭಾಗ ಅಲ್ಲಿ 300 ಉದ್ದ ಇದೆ. ಸರಿಯಾದ ಸಂಖ್ಯೆ ಕಾಣಲಿ ಅಂತ ಆ ಡೈಮೆನ್ಷನ್‌ಗಳಿಗೆ ಮಾತ್ರ 0.5 ಓವರ್‌ರೈಡ್ ಕೊಟ್ಟಿದ್ದಾರೆ. ನೀವು ಎಲ್ಲವನ್ನೂ ಸೆಲೆಕ್ಟ್ ಮಾಡಿ ಅಪ್‌ಡೇಟ್ ಒತ್ತುತ್ತೀರಿ. 150 ಇದ್ದದ್ದು 300 ಆಗುತ್ತದೆ. ಬಾಣ ಚೆನ್ನಾಗಿದೆ, ಫಾಂಟ್ ಚೆನ್ನಾಗಿದೆ, ಜಾಗವೂ ಸರಿ ಇದೆ. ನೋಡಿದವರಿಗೆ ಏನೂ ಅನುಮಾನ ಬರುವುದಿಲ್ಲ. ಆ ಹಾಳೆ ಹಿಡಿದು ಯಾರೋ ಲೋಹ ಕತ್ತರಿಸುತ್ತಾರೆ.

ಆದ್ದರಿಂದ ಈ ಗುಂಪನ್ನು ಓವರ್‌ರೈಡ್ ಆಗಿ ಉಳಿಸಿಕೊಳ್ಳಲು ಹೆಣಗಬೇಡಿ. ಅದಕ್ಕೊಂದು ಪ್ರತ್ಯೇಕ ಸ್ಟೈಲ್ ಮಾಡಿ: ಹೊಸ ಸ್ಟೈಲನ್ನು ಆಧಾರವಾಗಿಟ್ಟು, ಪ್ರೈಮರಿ ಯೂನಿಟ್ಸ್ ಟ್ಯಾಬ್‌ನಲ್ಲಿ ಸ್ಕೇಲ್ ಫ್ಯಾಕ್ಟರ್ 0.5 ಇಟ್ಟು, ಹೆಸರಿನಲ್ಲೇ 'ವಿವರ 2 ಪಟ್ಟು' ಅನ್ನುವಂಥ ಸುಳಿವು ಕೊಡಿ. ಮುಂದೆ ಯಾರೇ ಅಪ್‌ಡೇಟ್ ಒತ್ತುವಾಗಲೂ ಹೆಸರು ಕಣ್ಣಿಗೆ ಬೀಳುತ್ತದೆ. ಒಂದೇ ಓವರ್‌ರೈಡ್ ಹತ್ತಾರು ಡೈಮೆನ್ಷನ್‌ಗಳಲ್ಲಿ ಕಂಡರೆ ಅದಕ್ಕೂ ಇದೇ ಮದ್ದು. ಎರಡೂ ಎಕ್ಸ್‌ಟೆನ್ಷನ್ ಲೈನ್ ಇಲ್ಲದ ಡೈಮೆನ್ಷನ್‌ಗಳು ಇದಕ್ಕೆ ಒಳ್ಳೆಯ ಉದಾಹರಣೆ.

ಅನೋಟೇಟಿವ್ ಇದ್ದರೆ

ಅನೋಟೇಟಿವ್ ಡೈಮೆನ್ಷನ್ ಅಂದರೆ ಸ್ಕೇಲಿಗೆ ತಕ್ಕಂತೆ ತಾನೇ ಗಾತ್ರ ಬದಲಿಸಿಕೊಳ್ಳುವಂಥದ್ದು. ಅದಕ್ಕೆ ಒಂದೊಂದು ಸ್ಕೇಲಿಗೂ ಒಂದೊಂದು ರೂಪ ಇರುತ್ತದೆ. 1:50ರಲ್ಲಿ ಬರಹ ಎಡಕ್ಕಿರಬಹುದು, 1:100ರಲ್ಲಿ ಮೇಲಿರಬಹುದು. ಎರಡನ್ನೂ ನೀವು ಕೈಯಿಂದಲೇ ಇಟ್ಟಿರಬಹುದು. ಇಲ್ಲಿ ಅನೋರೀಸೆಟ್ ಕಮಾಂಡ್‌ನಿಂದ ದೂರ ಇರಿ. ಅದು ಉಳಿದ ಸ್ಕೇಲ್‌ಗಳ ಜಾಗಗಳನ್ನೆಲ್ಲ ಈಗಿನ ಸ್ಕೇಲಿನ ಜಾಗಕ್ಕೆ ತಂದು ಸೇರಿಸುತ್ತದೆ. ಸ್ಟೈಲ್ ಬದಲಿಸಿದ ಮೇಲೆ ಬಳಸಿರುವ ಪ್ರತಿ ಸ್ಕೇಲಿಗೂ ಹೋಗಿ ನೋಡಬೇಕು. ಒಂದರಲ್ಲಿ ಸರಿ ಇದ್ದರೆ ಎಲ್ಲದರಲ್ಲೂ ಸರಿ ಇದೆ ಅಂತ ಅಂದುಕೊಳ್ಳುವ ಹಾಗಿಲ್ಲ.

ಡಿಮ್‌ಬ್ರೇಕ್‌ನಿಂದ ಗೆರೆ ಕತ್ತರಿಸಿರುವ ಕಡೆಯೂ ಹೀಗೇ. ಆಟೋ ಆಗಿ ಮಾಡಿದ ಬ್ರೇಕ್‌ಗಳು ಬದಲಾವಣೆಗೆ ತಕ್ಕ ಹಾಗೆ ಹೊಂದಿಕೊಳ್ಳುತ್ತವೆ. ಮ್ಯಾನ್ಯುಯಲ್ ಆಗಿ ಎರಡು ಬಿಂದು ಕೊಟ್ಟು ಮಾಡಿದವು ಇದ್ದಲ್ಲೇ ನಿಲ್ಲುತ್ತವೆ. ಹೊಸ ಸ್ಟೈಲಿನಿಂದ ಅಕ್ಷರ ದೊಡ್ಡದಾಗಿದ್ದರೆ ಅವನ್ನು ಮತ್ತೆ ಮಾಡಬೇಕಾಗಬಹುದು.

ಮುಗಿದ ಮೇಲೆ ತಾಳೆ ನೋಡುವುದು

ಆಟೋಕ್ಯಾಡ್ 2019 ಅಥವಾ ಅದರ ನಂತರದ್ದಾದರೆ ಕಂಪೇರ್ ಕಮಾಂಡ್ ಇದೆ. ಮೊದಲು ಉಳಿಸಿದ ಪ್ರತಿಯನ್ನು ಅದಕ್ಕೆ ಕೊಡಿ. ಹಳೆಯ ಆವೃತ್ತಿಯಾದರೆ ಆ ಪ್ರತಿಯನ್ನು ಎಕ್ಸ್‌ರೆಫ್ (ಹೊರಗಿನ ಫೈಲನ್ನು ಡ್ರಾಯಿಂಗಿನಲ್ಲಿ ತೋರಿಸುವ ಕೊಂಡಿ) ಆಗಿ ಅದೇ ಬಿಂದುವಿಗೆ ಜೋಡಿಸಿ, ಅದರ ಡೈಮೆನ್ಷನ್ ಲೇಯರ್‌ಗಳಿಗೆ ಎದ್ದು ಕಾಣುವ ಬಣ್ಣ ಕೊಡಿ. ಫಾಂಟ್ ಬದಲಾಗಿದ್ದರೆ ಎಲ್ಲ ಕಡೆ ವ್ಯತ್ಯಾಸ ಕಾಣುವುದು ಸಹಜ. ನೋಡಬೇಕಾದ್ದು ಬರಹ ಜಿಗಿದಿರುವ ಕಡೆ, ಇಲ್ಲದಿದ್ದ ಗೆರೆ ಮೂಡಿರುವ ಕಡೆ.

ಸ್ವತಂತ್ರವಾಗಿ ಇಟ್ಟ ಬರಹಗಳ ನಡುಬಿಂದು ಇದ್ದಲ್ಲೇ ಇರುತ್ತದೆ, ಅಕ್ಷರ ಅದರ ಸುತ್ತ ಬೆಳೆಯುತ್ತದೆ. 2.5 ಇದ್ದ ಎತ್ತರ 3.5 ಆದರೆ ಪಕ್ಕದ ಗೆರೆಗೆ ತಾಗುವ ಸಂಭವ ಇದ್ದೇ ಇದೆ. ಅಂಥವನ್ನು ಸ್ವಲ್ಪ ಸರಿಸಿದರೆ ಸಾಕು. ಮೆನುವಿನಲ್ಲಿರುವ 'ರೀಸೆಟ್ ಟೆಕ್ಸ್ಟ್ ಪೊಸಿಷನ್' ಒತ್ತಿದರೆ ಮೊದಲಿಂದ ಶುರು ಮಾಡಬೇಕಾಗುತ್ತದೆ.

ಸಂಖ್ಯೆಗಳನ್ನು ಮಾತ್ರ ಕಣ್ಣಂದಾಜಿಗೆ ಬಿಡಬೇಡಿ. ಕ್ಯೂಸೆಲೆಕ್ಟ್‌ನಲ್ಲಿ ಡಿಮ್ ಸ್ಕೇಲ್ ಲೀನಿಯರ್ 1 ಅಲ್ಲದವನ್ನು ಮತ್ತೊಮ್ಮೆ ಹುಡುಕಿ. ಶುರುವಿನಲ್ಲಿ ಸಿಕ್ಕಷ್ಟೇ ಡೈಮೆನ್ಷನ್ ಈಗಲೂ ಸಿಗಬೇಕು. ಒಂದು ಕಡಿಮೆ ಬಂದರೂ ಅದು ಯಾವುದು ಅಂತ ಪತ್ತೆಹಚ್ಚಿ ಸರಿಮಾಡಿದ ಮೇಲೆಯೇ ಫೈಲನ್ನು ಮುಂದೆ ಕಳಿಸಿ.